ಸಂಖ್ಯೆ ಬೇರೆ, ಅದರ ಬರಹ ಬೇರೆ: ಪ್ರಾಚೀನ ಸಂಖ್ಯಾ ಪದ್ಧತಿಗಳನ್ನು ತರಗತಿಗೆ ತರುವ ಬಗೆ

ಪ್ರಾಚೀನ ಸಂಖ್ಯಾ ಪದ್ಧತಿಗಳ ಪಾಠ ಸಾಮಾನ್ಯವಾಗಿ ಒಂದೇ ಅವಧಿಯಲ್ಲಿ ಮುಗಿದುಹೋಗುತ್ತದೆ. ಶಿಕ್ಷಕರು ಈಜಿಪ್ಟಿನ ಚಿತ್ರಗಳನ್ನು ಹಲಗೆಯ ಮೇಲೆ ಬಿಡಿಸುತ್ತಾರೆ, ಮಕ್ಕಳು ತಾವು ಹುಟ್ಟಿದ ವರ್ಷವನ್ನು ಆ ಚಿತ್ರಗಳಲ್ಲಿ ಬರೆದು ಬಣ್ಣ ತುಂಬುತ್ತಾರೆ, ಹಾಳೆಗಳು ಗೋಡೆಯನ್ನೇರುತ್ತವೆ. ಮಕ್ಕಳಿಗೆ ಇದರಿಂದ ಸಂತೋಷವಾಗುವುದು ನಿಜ. ಆದರೆ ಗಣಿತ ಆರಂಭವಾಗಬೇಕಾದ ಜಾಗದಲ್ಲೇ ಪಾಠ ನಿಂತುಬಿಡುತ್ತದೆ. ಒಂದು ಪದ್ಧತಿಯಲ್ಲಿ ಕೂಡಿ, ಕಳೆದು, ಗುಣಿಸಿ ನೋಡಿದಾಗ ಮಾತ್ರ ಅದಕ್ಕೆ ಯಾವುದು ಸುಲಭ, ಯಾವುದು ಕಷ್ಟ ಎಂಬುದು ಕೈಗೆ ತಿಳಿಯುತ್ತದೆ. ಹಾಗೆ ತಿಳಿದ ಮಗುವಿಗೆ ನಾವು ದಿನವೂ ಬಳಸುವ ಹತ್ತು ಅಂಕಿಗಳೂ ಯಾರೋ ಯೋಚಿಸಿ ಕಟ್ಟಿದ ಒಂದು ವ್ಯವಸ್ಥೆಯೆಂಬುದು ಮೊದಲ ಬಾರಿಗೆ ಕಾಣಿಸುತ್ತದೆ.

ಈ ಮಾರ್ಗದರ್ಶಿಯನ್ನು 6ರಿಂದ 9ನೆಯ ತರಗತಿಯ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಎಂಟು ಅವಧಿಗಳಿದ್ದರೆ ನಿರಾಳವಾಗಿ ಮಾಡಬಹುದು. ಅಷ್ಟು ಸಮಯವಿಲ್ಲದವರು ಎರಡನೆಯ ಮತ್ತು ಐದನೆಯ ಹೆಜ್ಜೆಗಳನ್ನು ಉಳಿಸಿಕೊಂಡು ಬೇರೆಯವನ್ನು ಕಿರಿದುಗೊಳಿಸಬಹುದು. ಬೇಕಾಗುವ ಸಾಮಗ್ರಿ ಬಹಳ ಕಡಿಮೆ: ಚೌಕುಳಿ ಹಾಳೆ, ಸಣ್ಣ ಕಲ್ಲು ಅಥವಾ ಬೀಜಗಳು, ಹದವಾಗಿ ಕಲಸಿದ ಜೇಡಿಮಣ್ಣು, ತುದಿ ಚೌಕವಾಗಿರುವ ಒಂದೊಂದು ಕಡ್ಡಿ, ಅಳತೆಪಟ್ಟಿ. ಇವುಗಳ ಜೊತೆಗೆ ಪ್ರತಿ ಮಗುವಿನ ಬಳಿಯೂ ಒಂದು ಟಿಪ್ಪಣಿ ಪುಸ್ತಕವಿರಲಿ; ಅದರಲ್ಲಿ ಪ್ರತಿ ಹೆಜ್ಜೆಯ ಕೊನೆಗೆ ‘ಇಂದು ಕಂಡದ್ದು ಸಂಖ್ಯೆಯ ಗುಣವೇ, ಬರಹದ ಗುಣವೇ?’ ಎಂಬ ಒಂದೇ ಪ್ರಶ್ನೆಗೆ ಉತ್ತರ ಬರೆಯಬೇಕು. ಮೊದಮೊದಲು ಈ ಪ್ರಶ್ನೆ ಮಕ್ಕಳಿಗೆ ಅರ್ಥವಾಗುವುದಿಲ್ಲ, ಅದನ್ನು ವಿವರಿಸಲೂ ಹೋಗಬೇಡಿ. ಅರ್ಥ ತಾನಾಗಿಯೇ ಮೂಡುವಂತೆ ಹೆಜ್ಜೆಗಳನ್ನು ಜೋಡಿಸಿದೆ.

ಮೊದಲ ಹೆಜ್ಜೆ: ಈಜಿಪ್ಟಿನ ಚಿತ್ರಗಳಲ್ಲಿ ಲೆಕ್ಕ

ಪ್ರಾಚೀನ ಈಜಿಪ್ಟಿನವರು ಒಂದಕ್ಕೆ ನೇರ ಗೆರೆ, ಹತ್ತಕ್ಕೆ ಕಮಾನು, ನೂರಕ್ಕೆ ಸುರುಳಿ ಸುತ್ತಿದ ಹಗ್ಗ, ಸಾವಿರಕ್ಕೆ ತಾವರೆ, ಹತ್ತು ಸಾವಿರಕ್ಕೆ ಬಾಗಿದ ಬೆರಳು, ಲಕ್ಷಕ್ಕೆ ಗೊದಮೊಟ್ಟೆ, ಹತ್ತು ಲಕ್ಷಕ್ಕೆ ಎರಡೂ ಕೈಗಳನ್ನು ಮೇಲೆತ್ತಿದ ಆಕೃತಿಯನ್ನು ಬರೆಯುತ್ತಿದ್ದರು. ಎಷ್ಟು ನೂರುಗಳಿವೆಯೋ ಅಷ್ಟು ಸುರುಳಿ, ಎಷ್ಟು ಹತ್ತುಗಳಿವೆಯೋ ಅಷ್ಟು ಕಮಾನು. ನಿಯಮ ಇಷ್ಟೇ ಆದ್ದರಿಂದ ಐದು ನಿಮಿಷದಲ್ಲಿ ಮಕ್ಕಳು ಬರೆಯಲು ಕಲಿಯುತ್ತಾರೆ. ಮೊದಲು 999 ಮತ್ತು 1000ವನ್ನು ಬರೆಯಿಸಿ. ಮೊದಲನೆಯದಕ್ಕೆ 27 ಗುರುತುಗಳು ಬೇಕು, ಎರಡನೆಯದಕ್ಕೆ ಒಂದೇ ತಾವರೆ ಸಾಕು. ಚಿಕ್ಕ ಸಂಖ್ಯೆಗೆ ಉದ್ದದ ಬರಹ, ದೊಡ್ಡದಕ್ಕೆ ಗಿಡ್ಡ ಬರಹ! ಮಕ್ಕಳು ಇದನ್ನು ತಾವೇ ಕಂಡು ಹೇಳುವವರೆಗೆ ಕಾಯುವುದು ಒಳ್ಳೆಯದು.

ಅನಂತರ 276 ಮತ್ತು 158ನ್ನು ಕೂಡಿಸಿ. ಎರಡೂ ಸಂಖ್ಯೆಗಳ ಗುರುತುಗಳನ್ನು ಒಂದು ಕಡೆ ಗುಡ್ಡೆ ಹಾಕಿದರೆ 3 ಸುರುಳಿ, 12 ಕಮಾನು, 14 ಗೆರೆಗಳಾಗುತ್ತವೆ. ಹತ್ತು ಗೆರೆಗಳನ್ನು ಅಳಿಸಿ ಒಂದು ಕಮಾನು, ಹತ್ತು ಕಮಾನುಗಳನ್ನು ಅಳಿಸಿ ಒಂದು ಸುರುಳಿ ಬರೆದಾಗ 434 ಸಿಗುತ್ತದೆ. ‘ನಾಲ್ಕು ಬರೆದು, ಕೈಯಲ್ಲಿ ಒಂದು’ ಎಂದು ಬಾಯಿಪಾಠವಾಗಿ ಹೇಳುತ್ತಿದ್ದ ಮಕ್ಕಳಿಗೆ ಆ ಕೈಯಲ್ಲಿನ ಒಂದು ಎಂದರೆ ಏನೆಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಕಳೆಯುವ ಲೆಕ್ಕದಲ್ಲಿ ಕಷ್ಟಪಡುವ ಮಕ್ಕಳಿಗೂ ಇದೇ ವಿಧಾನವನ್ನು ನಾನು ಬಳಸುತ್ತೇನೆ; ಒಂದು ಕಮಾನನ್ನು ಹತ್ತು ಗೆರೆಗಳಾಗಿ ಬಿಡಿಸಿದ ಮೇಲೆ ಸಾಲ ಪಡೆಯುವ ಕ್ರಮದಲ್ಲಿ ಗೊಂದಲ ಉಳಿಯುವುದು ಅಪರೂಪ.

ಗುಣಾಕಾರಕ್ಕೆ ಬಂದಾಗ ಈ ಪದ್ಧತಿಯ ಜಾಣ್ಮೆ ಹೊರಬೀಳುತ್ತದೆ. ಈಜಿಪ್ಟಿನ ಲಿಪಿಕಾರರಿಗೆ ಮಗ್ಗಿಯ ಅಗತ್ಯವೇ ಇರಲಿಲ್ಲ, ದ್ವಿಗುಣಗೊಳಿಸಲು ತಿಳಿದಿದ್ದರೆ ಸಾಕಿತ್ತು. 24ನ್ನು 13ರಿಂದ ಗುಣಿಸಲು 1ರ ಎದುರು 24, 2ರ ಎದುರು 48, 4ರ ಎದುರು 96, 8ರ ಎದುರು 192 ಎಂದು ಎರಡು ಕಂಬಸಾಲು ಬರೆಯಬೇಕು. 13 ಎಂದರೆ 8, 4 ಮತ್ತು 1ರ ಮೊತ್ತವಾದ್ದರಿಂದ ಆ ಮೂರು ಸಾಲುಗಳನ್ನಷ್ಟೇ ಆಯ್ದು 192, 96, 24ನ್ನು ಕೂಡಿದರೆ 312 ಬರುತ್ತದೆ. ಮಕ್ಕಳು ಐದಾರು ಲೆಕ್ಕ ಮಾಡಿದ ಮೇಲೆ ಅವರನ್ನು ತಡೆದು ಕೇಳಿ: ಎಡಗಡೆಯ 1, 2, 4, 8, 16ರ ಸಾಲಿನಿಂದ ಯಾವ ಸಂಖ್ಯೆಯನ್ನಾದರೂ ಕಟ್ಟಲು ಸಾಧ್ಯವೇ? ಒಂದೇ ಸಂಖ್ಯೆಯನ್ನು ಎರಡು ಬಗೆಯಲ್ಲಿ ಕಟ್ಟಬಹುದೇ? ಇಂದಿನ ಗಣಕಯಂತ್ರಗಳ ದ್ವಿಮಾನ ಪದ್ಧತಿಗೆ ಇದೇ ಬಾಗಿಲು.

ಭಿನ್ನರಾಶಿಗಳಿಗೆ ಒಂದು ಅವಧಿ ಬೇರೆಯಾಗಿ ಸಿಕ್ಕರೆ ಕ್ರಿ.ಪೂ. 1550ರ ಸುಮಾರಿನಲ್ಲಿ ಅಹ್ಮೋಸ್ ಎಂಬ ಲಿಪಿಕಾರ ನಕಲು ಮಾಡಿದ, ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ರಿಂಡ್ ಪಪೈರಸ್ಸಿನ ಒಂದು ಸಮಸ್ಯೆಯನ್ನು ಕೊಡಿ. 6 ರೊಟ್ಟಿಗಳನ್ನು 10 ಜನರಿಗೆ ಹಂಚಬೇಕು. ಮಕ್ಕಳು ತಕ್ಷಣ 6/10 ಎನ್ನುತ್ತಾರೆ. ಕಾಗದದ ಆರು ಆಯತಗಳನ್ನೂ ಕತ್ತರಿಯನ್ನೂ ಅವರ ಕೈಗಿತ್ತು, ಎಲ್ಲರಿಗೂ ಒಂದೇ ರೀತಿಯ ತುಂಡುಗಳು ಬರುವಂತೆ ಹಂಚಲು ಹೇಳಿ. ಐದನ್ನು ಅರ್ಧರ್ಧ ಮಾಡಿ, ಉಳಿದ ಒಂದನ್ನು ಹತ್ತು ತುಂಡು ಮಾಡಿದರೆ ಪ್ರತಿಯೊಬ್ಬರಿಗೂ 1/2 ಮತ್ತು 1/10 ಸಿಗುತ್ತದೆ. ಪಪೈರಸ್ಸಿನ ಉತ್ತರವೂ ಇದೇ. ಅಂಶದಲ್ಲಿ ಸದಾ 1 ಇರುವ ಭಿನ್ನರಾಶಿಗಳನ್ನೇ ಅವರು ಹೆಚ್ಚಾಗಿ ಬಳಸಿದ್ದು ವಿಚಿತ್ರವೆನಿಸಬಹುದು. ಕತ್ತರಿ ಹಿಡಿದು ಹಂಚಿದ ಮಗುವಿಗೆ ಹಾಗೆ ಅನಿಸುವುದಿಲ್ಲ.

ಎರಡನೆಯ ಹೆಜ್ಜೆ: ಜೇಡಿಮಣ್ಣಿನ ಮೇಲೆ ಅರವತ್ತರ ಎಣಿಕೆ

ಈ ಹೆಜ್ಜೆಗೆ ಎರಡು ಅವಧಿ ಮೀಸಲಿಡಿ. ಬ್ಯಾಬಿಲೋನಿಯದವರು ಹಸಿ ಮಣ್ಣಿನ ಹಲಗೆಗಳ ಮೇಲೆ ಜೊಂಡಿನ ಕಡ್ಡಿಯನ್ನು ಒತ್ತಿ ಬರೆಯುತ್ತಿದ್ದರು. ಅವರ ಅಂಕಿಗಳಿಗೆ ಎರಡೇ ಗುರುತುಗಳು: ನೆಟ್ಟಗೆ ಒತ್ತಿದ ಬೆಣೆ ಒಂದಕ್ಕೆ, ಮೂಲೆಯಿಂದ ಒತ್ತಿದ ಬೆಣೆ ಹತ್ತಕ್ಕೆ. 59ರವರೆಗೆ ಇವನ್ನೇ ಗುಂಪಾಗಿ ಒತ್ತುತ್ತಾ ಹೋಗಿ, 60 ಬಂದೊಡನೆ ಎಡಗಡೆಯ ಸ್ಥಾನಕ್ಕೆ ಸರಿದು ಮತ್ತೆ ಒಂದೇ ಬೆಣೆಯಿಂದ ಆರಂಭಿಸುತ್ತಿದ್ದರು. ಸ್ಥಾನಬೆಲೆ ಎಂಬ ಮಹತ್ವದ ಕಲ್ಪನೆ ಹೀಗೆ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಮಣ್ಣಿನ ಮೇಲೆ ಮೂಡಿತ್ತು.

ಪ್ರತಿ ಮಗುವಿಗೂ ಅಂಗೈಯಗಲದ ಮಣ್ಣಿನ ಬಿಲ್ಲೆ ಕೊಡಿ. ಮಣ್ಣು ತೀರಾ ನೀರಾಗಿದ್ದರೆ ಬೆಣೆಯ ಅಂಚು ಕುಸಿಯುತ್ತದೆ, ಒಣಗಿದ್ದರೆ ಬಿರುಕು ಬಿಡುತ್ತದೆ. ಒತ್ತಿದ ಬೆರಳಿನ ಗುರುತು ನಿಲ್ಲುವಷ್ಟು ಹದವಿರಲಿ. ಕಡ್ಡಿಯನ್ನು ಗೀರಬಾರದು, ಅದರ ಮೂಲೆಯನ್ನು ಓರೆಯಾಗಿ ಒತ್ತಿ ಮೇಲಕ್ಕೆತ್ತಬೇಕು. ಐದು ಹತ್ತುಗಳು, ಒಂಬತ್ತು ಒಂದುಗಳೆಂದು 59ನ್ನು ಒತ್ತುವಷ್ಟರಲ್ಲಿ ಕೈ ಪಳಗುತ್ತದೆ. ಆಮೇಲೆ ತರಗತಿಯನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ 2, ಇನ್ನೊಂದಕ್ಕೆ 61, ಮತ್ತೊಂದಕ್ಕೆ 3601ನ್ನು ಗುಟ್ಟಾಗಿ ಕೊಟ್ಟು, ಬರೆದ ಬಿಲ್ಲೆಗಳನ್ನು ಪಕ್ಕದ ಗುಂಪಿಗೆ ಓದಲು ದಾಟಿಸಿ. 2 ಎಂದರೆ ಎರಡು ಬೆಣೆಗಳು. 61 ಎಂದರೆ ಅರವತ್ತರ ಸ್ಥಾನದಲ್ಲಿ ಒಂದು, ಬಿಡಿಸ್ಥಾನದಲ್ಲಿ ಒಂದು. ಅಂದರೆ ಮತ್ತೆ ಎರಡು ಬೆಣೆಗಳು, ನಡುವೆ ಸ್ವಲ್ಪ ಜಾಗ. 3601 ಎಂದರೆ 3600ರ ಸ್ಥಾನದಲ್ಲಿ ಒಂದು, ನಡುವಿನ ಸ್ಥಾನ ಖಾಲಿ, ಕೊನೆಗೆ ಒಂದು. ಅದೂ ಎರಡೇ ಬೆಣೆಗಳು, ನಡುವೆ ಇನ್ನೂ ಸ್ವಲ್ಪ ಹೆಚ್ಚು ಜಾಗ. ಓದುವ ಗುಂಪುಗಳು ಜಗಳಕ್ಕೇ ಇಳಿಯುತ್ತವೆ, ಇಳಿಯಲಿ.

ನನ್ನ ತರಗತಿಯೊಂದರಲ್ಲಿ ಈ ಜಗಳದ ನಡುವೆ ಹುಡುಗಿಯೊಬ್ಬಳು ಏನೂ ಹೇಳದೆ ಬಿಲ್ಲೆಯನ್ನು ಹಿಂದಕ್ಕೆ ತೆಗೆದುಕೊಂಡು, ಎರಡು ಬೆಣೆಗಳ ನಡುವಿನ ಖಾಲಿ ಜಾಗದಲ್ಲಿ ಕಡ್ಡಿಯ ತುದಿಯಿಂದ ಓರೆಯಾದ ಸಣ್ಣ ಗುರುತೊಂದನ್ನು ಒತ್ತಿ, ‘ಇಲ್ಲಿ ಏನೂ ಇಲ್ಲ ಅಂತ ಗುರುತು’ ಎಂದಳು. ಬ್ಯಾಬಿಲೋನಿಯದ ಲಿಪಿಕಾರರು ಕ್ರಿ.ಪೂ. ಮೂರನೆಯ ಶತಮಾನದ ಹೊತ್ತಿಗೆ ಖಾಲಿ ಸ್ಥಾನಕ್ಕೆ ಎರಡು ಓರೆ ಬೆಣೆಗಳನ್ನು ಒತ್ತತೊಡಗಿದ್ದರೆಂದು ನಾನು ಆಮೇಲೆ ಹೇಳಿದಾಗ ಅವಳ ಮುಖದಲ್ಲಿ ಕಂಡ ಬೆಳಕು ನನಗೆ ಇನ್ನೂ ನೆನಪಿದೆ. ಈ ಮಾಹಿತಿಯನ್ನು ಮೊದಲೇ ಹೇಳಿಬಿಟ್ಟರೆ ಅಂಥ ಬೆಳಕಿಗೆ ಅವಕಾಶವಿರುವುದಿಲ್ಲ. ತೊಂದರೆ ಮೊದಲು ಬರಲಿ, ಪರಿಹಾರದ ಚರಿತ್ರೆ ಆಮೇಲೆ ಬರಲಿ.

ಅರವತ್ತನ್ನೇ ಆರಿಸಿದ್ದೇಕೆ ಎಂಬ ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ. ಅವರು ಹಾಗೆ ಮಾಡಿದ್ದಕ್ಕೆ ಇದೇ ಕಾರಣವೆಂದು ತೀರ್ಪು ಕೊಡದೆ, ಅದರಿಂದ ಆಗುವ ಅನುಕೂಲವನ್ನು ತೋರಿಸಿದರೆ ಸಾಕು. 10ಕ್ಕೆ 1, 2, 5, 10 ಎಂಬ ನಾಲ್ಕು ಅಪವರ್ತನಗಳಿದ್ದರೆ 60ಕ್ಕೆ ಹನ್ನೆರಡಿವೆ. ಹಾಗಾಗಿ ಮೂರನೆಯ ಒಂದು ಭಾಗ ನಮ್ಮ ದಶಮಾಂಶದಲ್ಲಿ 0.333 ಎಂದು ಮುಗಿಯದೆ ಸಾಗಿದರೆ, ಅರವತ್ತರಲ್ಲಿ ಅದು ಸರಿಯಾಗಿ 20. ಗಂಟೆಯ ಮೂರನೆಯ ಒಂದು ಭಾಗ 20 ನಿಮಿಷ ಎನ್ನುವಾಗ ನಾವು ಇಂದಿಗೂ ಬ್ಯಾಬಿಲೋನಿಯದ ಲೆಕ್ಕವನ್ನೇ ಮಾಡುತ್ತಿದ್ದೇವೆ. ಆದರೆ ಏಳನೆಯ ಒಂದು ಭಾಗವನ್ನು ಹುಡುಕಹೊರಟರೆ ಅರವತ್ತರಲ್ಲೂ ಅದು ಮುಗಿಯುವುದಿಲ್ಲ. ಮುಗಿಯುವುದು, ಮುಗಿಯದಿರುವುದು ಆರಿಸಿಕೊಂಡ ಆಧಾರಸಂಖ್ಯೆಗೆ ಸೇರಿದ ಗುಣವೆಂಬುದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆಸಿ.

ದೊಡ್ಡ ತರಗತಿಯಾದರೆ ಇನ್ನೊಂದು ಪ್ರಯೋಗವನ್ನು ಖಂಡಿತ ಮಾಡಿಸಬೇಕು. ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿರುವ ಅಂಗೈಯಗಲದ ಒಂದು ಮಣ್ಣಿನ ಬಿಲ್ಲೆಯ ಮೇಲೆ ಚೌಕವೊಂದು ತನ್ನ ಕರ್ಣಗಳೊಡನೆ ಇದೆ. ಬದಿಯಲ್ಲಿ 30 ಎಂದೂ, ಕರ್ಣದ ಮೇಲೆ 1, 24, 51, 10 ಎಂದೂ, ಅದರ ಕೆಳಗೆ 42, 25, 35 ಎಂದೂ ಬರೆದಿದೆ. ಮಕ್ಕಳು ದೊಡ್ಡ ಹಾಳೆಯ ಮೇಲೆ 30 ಸೆಂಟಿಮೀಟರಿನ ಚೌಕ ಎಳೆದು ಕರ್ಣವನ್ನು ಅಳೆಯಲಿ, ಸುಮಾರು 42.4 ಸೆಂಟಿಮೀಟರ್ ಬರುತ್ತದೆ. ಈಗ 42ಕ್ಕೆ 25/60 ಮತ್ತು 35/3600ನ್ನು ಸೇರಿಸಿ ನೋಡಲಿ, 42.426 ಸಿಗುತ್ತದೆ. ಅದೇ ರೀತಿ 1, 24, 51, 10ನ್ನು ದಶಮಾಂಶಕ್ಕೆ ತಂದರೆ 1.414213, ಅಂದರೆ 2ರ ವರ್ಗಮೂಲ ಐದು ದಶಮಾಂಶ ಸ್ಥಾನಗಳವರೆಗೆ ಸರಿ. ತಾವು ಅಳತೆಪಟ್ಟಿ ಹಿಡಿದು ಪಡೆದ ಉತ್ತರವನ್ನು ಆ ಬಿಲ್ಲೆಯ ಉತ್ತರದ ಪಕ್ಕದಲ್ಲಿಟ್ಟು ನೋಡಿದ ಮಕ್ಕಳು ‘ಹಳೆಯ ಕಾಲದವರಿಗೆ ಹೆಚ್ಚು ಗೊತ್ತಿರಲಿಲ್ಲ’ ಎಂಬ ಮಾತನ್ನು ಮತ್ತೆ ಸುಲಭವಾಗಿ ಆಡಲಾರರು.

ಮೂರನೆಯ ಹೆಜ್ಜೆ: ಮಾಯಾ ಜನರ ಚುಕ್ಕೆ, ಗೆರೆ, ಚಿಪ್ಪು

ಮಧ್ಯ ಅಮೆರಿಕದ ಮಾಯಾ ಜನರು ಒಂದಕ್ಕೆ ಚುಕ್ಕೆ, ಐದಕ್ಕೆ ಅಡ್ಡಗೆರೆ, ಸೊನ್ನೆಗೆ ಚಿಪ್ಪಿನ ಚಿತ್ರ ಬಳಸಿ, ಇಪ್ಪತ್ತರ ಆಧಾರದಲ್ಲಿ ಸ್ಥಾನಗಳನ್ನು ಕೆಳಗಿನಿಂದ ಮೇಲಕ್ಕೆ ಏರಿಸುತ್ತಿದ್ದರು. 47ನ್ನು ಬರೆಯಲು ಮೇಲಿನ ಸ್ಥಾನದಲ್ಲಿ ಎರಡು ಚುಕ್ಕೆ, ಕೆಳಗೆ ಒಂದು ಗೆರೆ ಮತ್ತು ಎರಡು ಚುಕ್ಕೆ. 20ಕ್ಕೆ ಚಿಪ್ಪಿನ ಮೇಲೊಂದು ಚುಕ್ಕೆ. ಬ್ಯಾಬಿಲೋನಿಯದ ಬಿಲ್ಲೆಯಲ್ಲಿ ಕಾಡಿದ ಗೊಂದಲ ಇಲ್ಲಿ ಏಕಿಲ್ಲ ಎಂದು ಕೇಳಿದರೆ ಮಕ್ಕಳು ಚಿಪ್ಪಿನ ಕಡೆ ಬೆರಳು ತೋರಿಸುತ್ತಾರೆ. ಕಾಲಗಣನೆಯಲ್ಲಿ ಮಾತ್ರ ಮೂರನೆಯ ಸ್ಥಾನದ ಬೆಲೆ 400 ಆಗದೆ 360 ಆಗಿತ್ತೆಂಬುದನ್ನು ಶಿಕ್ಷಕರು ತಿಳಿದಿರಬೇಕು. ತರಗತಿಯಲ್ಲಿ ಎರಡೇ ಸ್ಥಾನಗಳವರೆಗಿನ ಸಂಖ್ಯೆಗಳನ್ನು ಕೊಟ್ಟರೆ ಆ ತೊಡಕು ಬರುವುದಿಲ್ಲ. ರೋಮನ್ ಅಂಕಿಗಳನ್ನು ಮಕ್ಕಳು ಆಗಲೇ ಬಲ್ಲರು. ಅವುಗಳಲ್ಲಿ ಒಂದು ಗುಣಾಕಾರವನ್ನು ಮಾಡಲು ಪ್ರಯತ್ನಿಸಲಿ, ಅಷ್ಟು ಸಾಕು.

ನಾಲ್ಕನೆಯ ಹೆಜ್ಜೆ: ಗುರುತಿನಿಂದ ಸಂಖ್ಯೆಯಾದ ಸೊನ್ನೆ

ಖಾಲಿ ಸ್ಥಾನದ ಗುರುತಿಗೂ, ಕೂಡಿ ಕಳೆಯಬಹುದಾದ ಸಂಖ್ಯೆಯಾಗಿ ಸೊನ್ನೆಗೂ ಇರುವ ಅಂತರವನ್ನು ಇಲ್ಲಿ ಬಿಡಿಸಿ ತೋರಿಸಬೇಕು. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಸೊನ್ನೆಯನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಬರೆದನು. ಗ್ವಾಲಿಯರಿನ ಗುಡಿಯೊಂದರ 876ನೆಯ ಇಸವಿಯ ಶಾಸನದಲ್ಲಿ 270 ಮತ್ತು 50 ಎಂಬ ಸಂಖ್ಯೆಗಳನ್ನು ಸಣ್ಣ ವೃತ್ತದ ಸೊನ್ನೆಯೊಂದಿಗೆ ಕೆತ್ತಲಾಗಿದೆ; ಅದರ ಚಿತ್ರ ತೋರಿಸಿದರೆ ಮಕ್ಕಳು ಆ ಸಂಖ್ಯೆಗಳನ್ನು ಹೆಚ್ಚು ಕಷ್ಟವಿಲ್ಲದೆ ಗುರುತಿಸುತ್ತಾರೆ.

ಚರ್ಚೆಗೆ ಅತ್ಯುತ್ತಮವಾದ ವಿಷಯ ಸೊನ್ನೆಯಿಂದ ಭಾಗಿಸುವುದು. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದನು ಬ್ರಹ್ಮಗುಪ್ತ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, 850ರ ಸುಮಾರಿಗೆ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನು ಸಂಖ್ಯೆಯೊಂದನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದನು. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನು ಅದನ್ನು ಖಹರವೆಂದು ಕರೆದು ಅನಂತವೆಂದನು. ಈ ಮೂರು ಮತಗಳನ್ನೂ ಹಲಗೆಯ ಮೇಲೆ ಬರೆದು, ಗುಣಾಕಾರ ಮಾಡಿ ತಾಳೆ ನೋಡಲು ಮಕ್ಕಳಿಗೆ ಬಿಡಿ. ಮಹಾಪಂಡಿತರೂ ಎಡವಿದ ಜಾಗದಲ್ಲಿ ತಾವೂ ನಿಂತಿದ್ದೇವೆ ಎಂದು ಗೊತ್ತಾದಾಗ, ತಪ್ಪು ಉತ್ತರ ಕೊಡಲು ಹೆದರುವ ಮಗುವೂ ಬಾಯಿ ತೆರೆಯುತ್ತದೆ.

ಐದನೆಯ ಹೆಜ್ಜೆ: ವಿನ್ಯಾಸಗಳ ಹುಡುಕಾಟ

ಕಲ್ಲುಗಳಿಂದ ಆರಂಭಿಸಿ. ಪ್ರಾಚೀನ ಗ್ರೀಸಿನಲ್ಲಿ ಪೈಥಾಗೊರಸನ ಅನುಯಾಯಿಗಳು ಸಂಖ್ಯೆಗಳನ್ನು ಚುಕ್ಕೆಗಳ ಆಕೃತಿಗಳಾಗಿ ನೋಡಿದರು. ಒಂದು ಕಲ್ಲಿಟ್ಟು, ಅದರ ಎರಡು ಬದಿ ಸುತ್ತುವಂತೆ ಮೂರು, ಅದನ್ನು ಸುತ್ತುವಂತೆ ಐದು, ಮತ್ತೆ ಏಳು ಇಡುತ್ತಾ ಹೋದರೆ ಪ್ರತಿ ಬಾರಿಯೂ ಚೌಕವೇ ನಿಲ್ಲುತ್ತದೆ: 1, 4, 9, 16. ಬೆಸಸಂಖ್ಯೆಗಳ ಮೊತ್ತ ವರ್ಗಸಂಖ್ಯೆ ಎಂಬುದಕ್ಕೆ ಸೂತ್ರವಿಲ್ಲದೆಯೇ ಸಾಧನೆ ಸಿಕ್ಕಿತು.

ಮುಂದಿನದು ನನಗೆ ಅತಿ ಪ್ರಿಯವಾದ ಪಾಠ. ಪದ್ಯಕ್ಕೆ ಪ್ರಸ್ತಾರ ಹಾಕಿದ ಮಕ್ಕಳಿಗೆ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂಬುದು ಗೊತ್ತಿರುತ್ತದೆ. ಲಘುವಿಗೆ ಒಂದು ಚಪ್ಪಾಳೆ, ಗುರುವಿಗೆ ಚಪ್ಪಾಳೆ ತಟ್ಟಿ ಒಂದು ಎಣಿಕೆಯ ಬಿಡುವು ಎಂದು ಒಪ್ಪಂದ ಮಾಡಿಕೊಂಡು, ನಾಲ್ಕು ಮಾತ್ರೆಗಳ ಗಣವನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದೆಂದು ಕೇಳಿ. ನಾಲ್ಕೂ ಲಘು, ಗುರುವನ್ನು ಮೊದಲಲ್ಲಿ, ನಡುವೆ, ಕೊನೆಯಲ್ಲಿ ಇಟ್ಟು ಎರಡು ಲಘು ಸೇರಿಸಿದ ಮೂರು, ಎರಡೂ ಗುರು: ಒಟ್ಟು ಐದು. ಮೂರು ಮಾತ್ರೆಗೆ ಮೂರು ಬಗೆ, ಐದು ಮಾತ್ರೆಗೆ ಎಂಟು. ಆರು ಮಾತ್ರೆಗೆ ಎಷ್ಟೆಂದು ಊಹಿಸಿ, ಆಮೇಲೆ ಬರೆದು ಪರೀಕ್ಷಿಸಲಿ, ಹದಿಮೂರು ಬರುತ್ತದೆ. ಕಾರಣವೂ ಸರಳವಾದದ್ದು. ಗಣದ ಕೊನೆಯಲ್ಲಿ ಲಘು ಇದ್ದರೆ ಹಿಂದಿನ ಭಾಗಕ್ಕೆ ಒಂದು ಮಾತ್ರೆ ಕಡಿಮೆ, ಗುರು ಇದ್ದರೆ ಎರಡು ಮಾತ್ರೆ ಕಡಿಮೆ. ಆದ್ದರಿಂದ ಪ್ರತಿ ಎಣಿಕೆಯೂ ತನ್ನ ಹಿಂದಿನ ಎರಡು ಎಣಿಕೆಗಳ ಮೊತ್ತ. 1, 2, 3, 5, 8, 13 ಎಂಬ ಈ ಸಾಲನ್ನು ವಿರಹಾಂಕನೂ, 1150ರ ಸುಮಾರಿಗೆ ಹೇಮಚಂದ್ರನೂ ಛಂದಸ್ಸಿನ ಎಣಿಕೆಯಲ್ಲೇ ವಿವರಿಸಿದ್ದರು. ಇಟಲಿಯ ಫಿಬೊನಾಚಿಯ ಗ್ರಂಥ ಬಂದದ್ದು 1202ರಲ್ಲಿ. ಇದೇ ಸಾಲು ಎಲ್ಲ ಹೂವುಗಳಲ್ಲೂ ಎಲ್ಲ ಚಿಪ್ಪುಗಳಲ್ಲೂ ಇದೆ ಎಂಬ ಉತ್ಪ್ರೇಕ್ಷೆಯನ್ನು ಮಕ್ಕಳಿಗೆ ದಾಟಿಸಬೇಡಿ. ಚಪ್ಪಾಳೆಯಲ್ಲಿ ಅದು ಏಕಿದೆಯೆಂದು ಅವರೇ ತೋರಿಸಬಲ್ಲರು, ಅದು ಹೆಚ್ಚು ಬೆಲೆಯುಳ್ಳದ್ದು.

ಅಹ್ಮೋಸನ ಪಪೈರಸ್ಸಿಗೆ ಒಮ್ಮೆ ಮರಳಿ. ಅದರ 79ನೆಯ ಸಮಸ್ಯೆಯಲ್ಲಿ 7 ಮನೆ, 49 ಬೆಕ್ಕು, 343 ಇಲಿ, 2401 ತೆನೆ, 16807 ಅಳತೆ ಧಾನ್ಯ ಎಂಬ ಪಟ್ಟಿಯಿದೆ, ಒಟ್ಟು 19607. ಪಕ್ಕದಲ್ಲೇ 2801, 5602, 11204 ಎಂಬ ಮೂರು ಸಂಖ್ಯೆಗಳಿದ್ದು, ಅವನ್ನು ಕೂಡಿದರೂ 19607. ದ್ವಿಗುಣಗೊಳಿಸಿ 7ರಿಂದ ಗುಣಿಸಿದ್ದಾರೆಂದು ಮೊದಲ ಹೆಜ್ಜೆ ಮಾಡಿದ ಮಕ್ಕಳು ತಾವೇ ಗುರುತಿಸುತ್ತಾರೆ. 2801 ಎಲ್ಲಿಂದ ಬಂತೆಂಬುದನ್ನು ಮನೆಗೆಲಸವಾಗಿ ಕೊಡಿ. 1, 7, 49, 343, 2401ರ ಮೊತ್ತವೆಂದು ಮರುದಿನ ಯಾರಾದರೂ ಹೇಳಿಯಾರು.

ಕೊನೆಗೆ ಮಹಾವೀರಾಚಾರ್ಯನ ಹಾರದಂಥ ಗುಣಲಬ್ಧಗಳನ್ನು ತನ್ನಿ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ 11111111. 14287143ನ್ನು 7ರಿಂದ ಗುಣಿಸಿದರೆ 100010001. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಮಕ್ಕಳು ಬೆರಗಾಗಿ ನಿಂತಿರುವಾಗ 15151ನ್ನು ಮಣ್ಣಿನ ಬಿಲ್ಲೆಯ ಮೇಲೆ ಅರವತ್ತರ ಪದ್ಧತಿಯಲ್ಲಿ ಬರೆಯಲು ಹೇಳಿ. 3600ಗಳು ನಾಲ್ಕು, 60ಗಳು ಹನ್ನೆರಡು, ಬಿಡಿ ಮೂವತ್ತೊಂದು: 4, 12, 31. ಹಾರ ಕಳಚಿಹೋಯಿತು! ಬೆಸಸಂಖ್ಯೆಗಳ ಚೌಕವಾದರೋ ಯಾವ ಲಿಪಿಯಲ್ಲಿ ಬರೆದರೂ ಚೌಕವೇ. ಟಿಪ್ಪಣಿ ಪುಸ್ತಕದ ಪ್ರಶ್ನೆಯನ್ನು ಈಗ ಇನ್ನೊಮ್ಮೆ ಓದಲು ಹೇಳಿ; ಇಷ್ಟು ದಿನ ಬಿಟ್ಟ ಜಾಗಗಳನ್ನು ಮಕ್ಕಳು ತಾವಾಗಿಯೇ ತುಂಬತೊಡಗುತ್ತಾರೆ.

ಕೊನೆಯ ಹೆಜ್ಜೆ: ಕಲಿತದ್ದನ್ನು ಪರೀಕ್ಷಿಸುವುದು

ಯಾವ ನಾಗರಿಕತೆ ಯಾವ ಚಿಹ್ನೆ ಬಳಸಿತು ಎಂಬ ಹೊಂದಿಸಿ ಬರೆಯುವ ಪ್ರಶ್ನೆಗಳನ್ನು ದಯವಿಟ್ಟು ಕೊಡಬೇಡಿ. ಬದಲಾಗಿ ಕೆಲವು ಹೇಳಿಕೆಗಳನ್ನು ಕೊಟ್ಟು, ಅವು ಸಂಖ್ಯೆಗೆ ಸೇರಿದವೇ ಬರಹಕ್ಕೆ ಸೇರಿದವೇ ಎಂದು ಕಾರಣ ಸಹಿತ ಬರೆಯಿಸಿ. 17 ಅವಿಭಾಜ್ಯ. 1/3 ಮುಗಿಯದ ದಶಮಾಂಶ. ಅಂಕಿಗಳ ಮೊತ್ತ 9ರಿಂದ ಭಾಗವಾದರೆ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ. ಈ ಮೂರನೆಯದನ್ನು ಮಾಯಾ ಪದ್ಧತಿಯಲ್ಲಿ ಪರೀಕ್ಷಿಸಲು ಹೇಳಿದರೆ ಅಲ್ಲಿ 9ರ ಜಾಗಕ್ಕೆ 19 ಬಂದು ಕುಳಿತಿರುವುದನ್ನು ಚುರುಕಾದ ಮಕ್ಕಳು ಕಾಣುತ್ತಾರೆ: 361ನ್ನು ಅಲ್ಲಿ 18 ಮತ್ತು 1 ಎಂದು ಬರೆಯುತ್ತಾರೆ, ಮೊತ್ತ 19, ಮತ್ತು 361 ಎಂದರೆ 19ರ ವರ್ಗ.

ಎಲ್ಲಕ್ಕಿಂತ ಕಷ್ಟದ ಹೇಳಿಕೆಯನ್ನು ಕೊನೆಗೆ ಇರಿಸಿಕೊಳ್ಳಿ: ಬಿಡಿಸ್ಥಾನದ ಅಂಕಿ ಬೆಸವಾಗಿದ್ದರೆ ಸಂಖ್ಯೆಯೂ ಬೆಸ. ಹತ್ತರಲ್ಲೂ ಇಪ್ಪತ್ತರಲ್ಲೂ ಅರವತ್ತರಲ್ಲೂ ಇದು ಸರಿಯಾದ್ದರಿಂದ ಸಂಖ್ಯೆಯದೇ ಗುಣವೆಂದು ಬಹುತೇಕ ಎಲ್ಲರೂ ಬರೆಯುತ್ತಾರೆ. ಆಗ ಐದರ ಆಧಾರದಲ್ಲಿ 11 ಎಂದು ಹಲಗೆಯ ಮೇಲೆ ಬರೆದು, ಅಷ್ಟು ಕಲ್ಲುಗಳನ್ನು ಮೇಜಿನ ಮೇಲಿಟ್ಟು ಎರಡೆರಡಾಗಿ ಜೋಡಿಸಲು ಹೇಳಿ. ಐದು ಮತ್ತು ಒಂದು, ಒಟ್ಟು ಆರು ಕಲ್ಲುಗಳು. ಮೂರು ಜೋಡಿಗಳಾಗಿ, ಒಂದೂ ಮಿಗದೆ ಕೂರುತ್ತವೆ.